ಕೌಬಾಯ್ ಚಿತ್ರಗಳ ಪುನಃಸೃಷ್ಟಿ

ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ತೆಲುಗನ್ನೂ ಆಡುವ ನಮ್ಮ ಕೋಸಗಿಯ ಕಡೆಯವರಿಗೆ ಒಂದೇ ಕಥೆಯನ್ನು ಎರಡು ರೂಪಗಳಲ್ಲಿ ಕಾಣುವುದು ಹೊಸದೇನೂ ಅಲ್ಲ. 1953ರಲ್ಲಿ ನಮ್ಮ ಆದವಾನಿ ತಾಲ್ಲೂಕು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಅದರ ಮರುವರ್ಷವೇ ಎಚ್.ಎಲ್.ಎನ್. ಸಿಂಹರ ‘ಬೇಡರ ಕಣ್ಣಪ್ಪ’ವು ಕನ್ನಡದಲ್ಲಿ ತೆರೆಕಂಡು, ಅವರದೇ ನಿರ್ದೇಶನದಲ್ಲಿ, ಮೂಲದ ನಾಯಕ ರಾಜಕುಮಾರರದೇ ಅಭಿನಯದಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಎಂಬ ಹೆಸರಿನಿಂದ ತೆಲುಗಿಗೂ ಬಂದಿತು. ಆದುದರಿಂದ ಪುನರ್ನಿರ್ಮಾಣವೆಂದೊಡನೆ ಮೂಗುಮುರಿಯುವವರ ಪಂಕ್ತಿಯಲ್ಲಿ ನಾನು ಕೂರಲಾರೆ. ಆದರೆ ಕುದುರೆ, ಕೋವಿ, ಧೂಳುಗಳ ಆ ಹಳೆಯ ಅಮೆರಿಕನ್ ಚಿತ್ರಗಳನ್ನು ಹೊಸ ನಟರಿಂದ ಮತ್ತೆ ಆಡಿಸಬೇಕೆಂಬ ಉತ್ಸಾಹ ಆಗಾಗ ತಲೆಯೆತ್ತುವುದನ್ನು ಕಂಡಾಗ ಕಳವಳವಾಗುತ್ತದೆ.

ಈ ಚಿತ್ರಗಳ ಜೀವ ಕಥೆಯಲ್ಲಿಲ್ಲ. ನೆಲದಲ್ಲಿಯೂ ಕಾಲದ ನಡೆಯಲ್ಲಿಯೂ ಇದೆ. ಸೆರ್ಜಿಯೊ ಲಿಯೋನೆ 1968ರಲ್ಲಿ ತೆಗೆದ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ ಚಿತ್ರದ ಮೊದಲಲ್ಲಿ ಮೂವರು ಬಂದೂಕಿನವರು ಪಾಳುಬಿದ್ದಂತಿರುವ ರೈಲು ನಿಲ್ದಾಣವೊಂದರಲ್ಲಿ ಗಾಡಿಗಾಗಿ ಕಾಯುತ್ತಾರೆ. ಒಬ್ಬನ ಟೊಪ್ಪಿಗೆಯ ಮೇಲೆ ನೀರು ತೊಟ್ಟಿಕ್ಕುತ್ತದೆ, ಇನ್ನೊಬ್ಬನ ಮುಖದ ಮೇಲೆ ನೊಣ ಹರಿದಾಡುತ್ತದೆ, ಗಾಳಿಯಂತ್ರ ಕಿರುಗುಟ್ಟುತ್ತದೆ, ಮಾತಿಲ್ಲ. ಗುಂತಕಲ್–ರಾಯಚೂರು ಹಾದಿಯ ಸಣ್ಣ ನಿಲ್ದಾಣಗಳಲ್ಲಿ ಬೇಸಗೆಯ ಮಧ್ಯಾಹ್ನ ಕಾದು ಕುಳಿತವರಿಗೆ ಆ ದೃಶ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ಇದನ್ನು ಇಂದಿನ ಅವಸರದಲ್ಲಿ ಮರಳಿ ತೆಗೆದರೆ ಉಳಿಯುವುದೇನು? ನಮ್ಮ ದೇಶದಲ್ಲಿಯೇ, ರಾಮನಗರದ ಬಂಡೆಗಳ ನಡುವೆ ಹುಟ್ಟಿದ 1975ರ ‘ಶೋಲೆ’ಯನ್ನು 2007ರಲ್ಲಿ ರಾಮಗೋಪಾಲ ವರ್ಮರು ಮುಂಬಯಿಯ ಪಾತಕಲೋಕಕ್ಕೆ ಒಯ್ದರು, ಬಂಡೆಗಳೊಡನೆ ಚಿತ್ರದ ಪ್ರಾಣವೂ ಹಿಂದೆಯೇ ಉಳಿಯಿತು.

ಜಾನ್ ಫೋರ್ಡರ 1939ರ ‘ಸ್ಟೇಜ್‌ಕೋಚ್’ 1966ರಲ್ಲಿ ಬಣ್ಣ ತಳೆದು ಮತ್ತೊಮ್ಮೆ ಬಂದಿತಾದರೂ, ಇಂದಿಗೂ ಜನ ಅರಸಿಕೊಂಡು ನೋಡುವುದು ಕಪ್ಪುಬಿಳುಪಿನ ಆ ಮೊದಲನೆಯದನ್ನೇ. ಕೋಯೆನ್ ಸಹೋದರರ 2010ರ ‘ಟ್ರೂ ಗ್ರಿಟ್’ ಮಾತ್ರ ಈ ಸಾಲಿಗೆ ಸೇರದು: ಅವರು 1969ರ ಚಿತ್ರದ ನೆರಳಿಗಂಟದೆ ಮೂಲ ಕಾದಂಬರಿಯನ್ನೇ ತೆರೆದು, ತಂದೆಯನ್ನು ಕಳೆದುಕೊಂಡ ಬಾಲಿಕೆಯ ಧ್ವನಿಯನ್ನು ಅಲ್ಲಿಂದ ಎತ್ತಿ ತಂದರು.

ನಿಜವಾದ ಪುನಃಸೃಷ್ಟಿಯೆಂದರೆ ಒಂದು ನೆಲದ ಬೀಜ ಇನ್ನೊಂದು ನೆಲದಲ್ಲಿ ಬೇರೆಯೇ ಬೆಳೆಯಾಗಿ ಏಳುವುದು. ಜಪಾನಿನ ಕುರೊಸಾವಾ 1954ರಲ್ಲಿ ಮಾಡಿದ ‘ಸೆವೆನ್ ಸಮುರಾಯ್’ ಅಮೆರಿಕದಲ್ಲಿ 1960ರ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಆಯಿತು. ಅದೇ ಕುರೊಸಾವಾರ ಪ್ರಭಾವವನ್ನು ಮನಸಾರೆ ಸ್ವೀಕರಿಸಿ ಗಿರೀಶ ಕಾರ್ನಾಡರು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಚಿತ್ರವನ್ನು ಕೊಟ್ಟರು. ದಾಯಾದಿ ಕಲಹದ ನಡುವೆ ಸಿಲುಕಿದ ಬಾಡಿಗೆಯ ಯೋಧನಾಗಿ ಶಂಕರನಾಗ್ ಅದರಲ್ಲಿ ಅವತರಿಸಿದರು, ಎದುರಿಗೆ ಸುಂದರಕೃಷ್ಣ ಅರಸು. ಅದರಲ್ಲಿ ಜಪಾನೂ ಇಲ್ಲ, ಅಮೆರಿಕವೂ ಇಲ್ಲ. ನಡುಗಾಲದ ಕನ್ನಡನಾಡಿನ ಕಾಡು, ಕೆಸರು, ಕತ್ತಿಗಳಿವೆ. ತೆಲುಗಿನಲ್ಲಿ ಕೆ.ಎಸ್.ಆರ್. ದಾಸರು 1971ರಲ್ಲಿ ನಟ ಕೃಷ್ಣರಿಂದ ಮಾಡಿಸಿದ ‘ಮೋಸಗಾಳ್ಳಕು ಮೋಸಗಾಡು’ ಇಷ್ಟು ಆಳಕ್ಕೆ ಇಳಿಯಲಿಲ್ಲ, ವೇಷಭೂಷಣಗಳಲ್ಲಿ ಹಾಲಿವುಡ್ಡಿನ ಋಣ ಎದ್ದು ಕಾಣುತ್ತದೆ. ಆದರೂ ಬಿಕಾನೇರಿನ ಮರಳಿನಲ್ಲಿ ಕುದುರೆಯೋಡಿಸಿದ ಆ ಧೈರ್ಯಕ್ಕೆ ನನ್ನ ಗೌರವವಿದೆ.

2023ರಲ್ಲಿ, ಕೃಷ್ಣರ ಜನ್ಮದಿನದಂದು, ‘ಮೋಸಗಾಳ್ಳಕು ಮೋಸಗಾಡು’ವನ್ನು ಸಂಸ್ಕರಿಸಿ ತೆಲುಗು ಚಿತ್ರಮಂದಿರಗಳಲ್ಲಿ ಮತ್ತೆ ಬಿಡುಗಡೆ ಮಾಡಿದರು. ಹಳೆಯ ಚಿತ್ರಕ್ಕೆ ಸಲ್ಲಬೇಕಾದ ಸೇವೆ ಇದು: ಸವೆದ ಸುರುಳಿಯನ್ನು ಶುದ್ಧಗೊಳಿಸಿ, ಕರ್ತೃವಿನ ಕೃತಿಯನ್ನು ಕರ್ತೃವಿನದಾಗಿಯೇ ಉಳಿಸಿ, ಹೊಸ ಪೀಳಿಗೆಯ ಮುಂದಿಡುವುದು. ಫೋರ್ಡ್, ಲಿಯೋನೆಯರ ಚಿತ್ರಗಳಿಗೂ ಇದೇ ಸಾಕು. ಅವನ್ನು ಮರಳಿ ತೆಗೆಯುವ ಹಣದಿಂದ ಹೊಸ ಕಥೆಗಳನ್ನು ತೆಗೆಯಲಿ. ಗಡಿಯ ಈಚೆಗಿರುವ ನಮಗೂ ಕಾರ್ನಾಡರ ಚಿತ್ರವನ್ನು ದೊಡ್ಡ ತೆರೆಯ ಮೇಲೆ ನೋಡುವ ಹಂಬಲವಿದೆ. ಬೆಂಗಳೂರಿನ ಚಲನಚಿತ್ರ ಅಕಾಡೆಮಿಯವರು ಆದವಾನಿಯ ಯಾವುದಾದರೊಂದು ಚಿತ್ರಮಂದಿರದಲ್ಲಿ ಒಂದು ವಾರ ಅದರ ಪ್ರದರ್ಶನಕ್ಕೆ ಏರ್ಪಾಡು ಮಾಡಬೇಕೆಂದು ಈ ಅಂಕಣದ ಮೂಲಕ ವಿನಂತಿಸುತ್ತೇನೆ.