ವಿಶ್ವದ ಎಲ್ಲೆ ಎಲ್ಲಿ?

“ಆಕಾಶ ಎಲ್ಲಿ ಮುಗಿಯುತ್ತದೆ? ಅದರಾಚೆ ಏನಿದೆ?” ಮಕ್ಕಳು ಹೀಗೆ ಕೇಳಿದಾಗ ಹಿರಿಯರು ಗದರಿ ಸುಮ್ಮನಾಗಿಸುವುದುಂಟು. ಆದರೆ ಈ ಪ್ರಶ್ನೆ ಬಹು ಹಳೆಯದು, ಗೌರವಕ್ಕೆ ಅರ್ಹವಾದುದು.

ಶಿಕಾರಿಪುರ, ಸೊರಬಗಳ ಸೀಮೆಯಲ್ಲಿರುವ ಬಂದಳಿಕೆಯನ್ನು ಕಂಡವರು ಅಲ್ಲಿಯ ಶಾಂತಿನಾಥ ಬಸದಿಯನ್ನು ಮರೆಯಲಾರರು. ರಾಷ್ಟ್ರಕೂಟರ ಕಾಲದಲ್ಲಿ ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆ ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದ ತೀರ್ಥವಿದು. ಆಕೆ ನಂಬಿದ ಜೈನಮತದಲ್ಲಿ ಮಕ್ಕಳ ಪ್ರಶ್ನೆಗೆ ಖಚಿತವಾದ ಉತ್ತರವೇ ಇದೆ. ಸೊಂಟದ ಮೇಲೆ ಕೈಯಿಟ್ಟು ಕಾಲಗಲಿಸಿ ನಿಂತ ಪುರುಷನಂತೆ ಲೋಕದ ಆಕಾರ. ಎತ್ತರ 14 ರಜ್ಜು. ಅಗಲ ಬುಡದಲ್ಲಿ 7, ನಡುವಿನಲ್ಲಿ 1. ಅದರಾಚೆಗೆ ಕೊನೆಯಿಲ್ಲದ ಅಲೋಕಾಕಾಶ.

ಇಂದಿನ ವಿಜ್ಞಾನಿಯ ಅಳತೆಗೋಲು ಬೆಳಕು. ಅದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುತ್ತದೆ. ಮಾಗಿಯ ರಾತ್ರಿ ಈ ಬಸದಿಯ ಬಯಲಿನಿಂದ ನೋಡಿದರೆ ಮಹಾವ್ಯಾಧನ ಕಾಲಿನಲ್ಲಿ ರೈಜೆಲ್ ನಕ್ಷತ್ರ ಹೊಳೆಯುತ್ತದೆ. ನಮ್ಮ ಕಣ್ಣಿಗೆ ಬೀಳುವ ಆ ಬೆಳಕು ಹೊರಟು ಸುಮಾರು 860 ವರ್ಷಗಳಾದುವು. ಆಗ ಬಂದಳಿಕೆಯು ಕದಂಬ ಮನೆತನದವರ ರಾಜಧಾನಿ! ರೈಜೆಲ್ ನಮ್ಮ ನೆರೆಮನೆ. ಆಂಡ್ರೊಮಿಡಾ ನಕ್ಷತ್ರಮಂಡಲದ ಬೆಳಕು ನಮ್ಮನ್ನು ತಲಪಲು 25 ಲಕ್ಷ ವರ್ಷ ಬೇಕು.

ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಆದರೆ ಬೆಳಕು ದಾರಿಯಲ್ಲಿದ್ದಾಗಲೂ ವಿಶ್ವ ಹಿಗ್ಗುತ್ತಲೇ ಇದ್ದುದರಿಂದ, ನಾವು ಕಾಣಬಹುದಾದ ಭಾಗದ ಅಂಚು ಈಗ ಎಲ್ಲ ದಿಕ್ಕಿನಲ್ಲಿಯೂ ಸುಮಾರು 4,600 ಕೋಟಿ ಜ್ಯೋತಿರ್ವರ್ಷಗಳಾಚೆ ಇದೆ. ಇದು ನಮ್ಮ ನೋಟದ ಎಲ್ಲೆಯೇ ಹೊರತು ವಿಶ್ವದ ಎಲ್ಲೆಯಲ್ಲ. ಅಲ್ಲಿ ಗೋಡೆಯಿಲ್ಲ, ಆಚೆಯ ಬೆಳಕು ಇನ್ನೂ ನಮ್ಮಲ್ಲಿಗೆ ಬಂದಿಲ್ಲ, ಅಷ್ಟೆ.

ಆಕಾರವೋ? 2009ರಲ್ಲಿ ಯೂರೋಪಿನವರು ಹಾರಿಸಿದ ಪ್ಲಾಂಕ್ ಉಪಗ್ರಹವು ವಿಶ್ವದ ಬಾಲ್ಯದ ಬೆಳಕನ್ನು ಅಳೆಯಿತು. ಅದರ ಲೆಕ್ಕದಂತೆ, ಆಕಾಶದಲ್ಲಿ ಎಷ್ಟು ದೊಡ್ಡ ತ್ರಿಕೋನವನ್ನು ಎಳೆದರೂ ಮೂರು ಕೋನಗಳ ಮೊತ್ತ, ಅಳತೆಗೆ ನಿಲುಕುವಷ್ಟು ಮಟ್ಟಿಗೆ, 180 ಅಂಶಗಳೇ. ಇದನ್ನೇ ವಿಜ್ಞಾನಿಗಳು ‘ಚಪ್ಪಟೆ ವಿಶ್ವ’ ಎನ್ನುತ್ತಾರೆ. ಕಾಗದದಂತೆ ತೆಳುವೆಂದು ಇದರ ಅರ್ಥವಲ್ಲ. ಅದು ಅನಂತವೋ ಅಲ್ಲವೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಪ್ರಾಚೀನರು ಆಗಮದ ಬಲದಿಂದ ಗೆರೆ ಎಳೆದರು. ನಾವು ಅಳೆದು ಎಳೆದಿದ್ದೇವೆ, ತಪ್ಪಿದರೆ ಅಳಿಸಲೂ ಸಿದ್ಧರಾಗಿದ್ದೇವೆ. ಆದರೆ ಗೆರೆಯ ಹೊರಗೂ ಏನೋ ಉಂಟೆಂಬ ಅರಿವು ಇಬ್ಬರಿಗೂ ಸಮಾನ. ಮಗು ಮತ್ತೆ ಕೇಳಿದರೆ ಗದರಬೇಡಿ. “ನಮಗೆ ಕಂಡದ್ದು ಇಷ್ಟು, ಕಾಣದ್ದು ಇನ್ನೂ ಉಂಟು” ಎಂದರೆ ಅದು ಸೋಲಲ್ಲ, ಸತ್ಯವಾದ ಉತ್ತರ.