ಹಳೇ ಕಂಬ ಒಲೆಗೆ ಬೇಡ

ಪ್ರತಿ ವರ್ಷ ವಸ್ತು ಪ್ರದರ್ಶನಕ್ಕೆ ಥರ್ಮಾಕೋಲ್ ತರುತ್ತೇವೆ, ಮಾರನೇ ದಿನ ತಿಪ್ಪೆಗೆ ಎಸೆಯುತ್ತೇವೆ. ಅದು ಕೊಳೆಯೋದೂ ಇಲ್ಲ, ಸುಟ್ಟರೆ ಕೆಟ್ಟ ಹೊಗೆ. ಇತ್ತ ನಮ್ಮ ಹಲಗೂರು ಸೀಮೆಯಲ್ಲಿ ತೊಟ್ಟಿ ಮನೆ ಕೆಡವಿದರೆ ಎಷ್ಟೋ ಕಂಬ, ತೊಲೆ ಒಲೆ ಪಾಲು.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಎಂಬವರು (2017ರಲ್ಲಿ ತೀರಿಕೊಂಡರು) ಹಾಳಾಗುತ್ತಿದ್ದ ಹಳೇ ಮನೆಗಳನ್ನು ಬಿಚ್ಚಿ ತಂದು, ಅದೇ ಮರಮುಟ್ಟಿನಿಂದ ಮತ್ತೆ ಎಬ್ಬಿಸಿದರು. ಕೊಪ್ಪಳ ಜಿಲ್ಲೆ ಕುಕನೂರಿನ ಕಮಲ್ ಮಹಲ್ ಕೂಡ ಅಲ್ಲಿದೆ. ಅಲ್ಲಿ ಮನೆಯೇ ಮ್ಯೂಸಿಯಂ!

ನಮಗೆ ಅಷ್ಟೆಲ್ಲ ಬೇಡ. ಎರಡು ಕಂಬ, ಒಂದು ಹಲಗೆ, ನಾಲ್ಕು ನಾಡಹೆಂಚು ಸಾಕು. ಮೊಳೆ ಹೊಡೆಯದೆ ಹಗ್ಗದಲ್ಲಿ ಕಟ್ಟಿದರೆ ಬಿಚ್ಚಿಟ್ಟು ಮುಂದಿನ ವರ್ಷವೂ ಬಳಸಬಹುದು. (ಗೆದ್ದಲು ಹಿಡಿದದ್ದು ಮಾತ್ರ ತರಬೇಡಿ.) "ಹಳೇದು ಚೆಂದ ಕಾಣಲ್ಲ" ಅಂತಾರೆ ಕೆಲವರು. ಕೆತ್ತನೆ ಕಂಬಕ್ಕಿಂತ ಥರ್ಮಾಕೋಲ್ ಚೆಂದವೇ? ನಿಮ್ಮ ಬೀದೀಲಿ ಯಾರಾದರೂ ಮನೆ ಕೆಡವುತ್ತಿದ್ದರೆ ಸೌದೆ ಆಗೋ ಮೊದಲೇ ಮೇಷ್ಟ್ರಿಗೆ ಹೇಳಿ.