ನೀರು ಹೋಯಿತು, ಉಪ್ಪು ಉಳಿಯಿತು

ಸಾಣಿಕಟ್ಟಾದ ಉಪ್ಪಿನಾಗರಗಳಿಗೆ ನನ್ನೊಡನೆ ಬಂದ ವಿದ್ಯಾರ್ಥಿಗಳಿಗೆ ಆ ಬಿಸಿಲು ಇನ್ನೂ ನೆನಪಿರಬಹುದು. ಗದ್ದೆಗಳಂತೆ ಹರಡಿದ ಪಾತಿಗಳ ಬದುವಿನ ಮೇಲೆ ನಿಮ್ಮನ್ನು ಸಾಲಾಗಿ ನಿಲ್ಲಿಸಿ, "ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ" ಎಂದು ಒಕ್ಕೊರಲಿನಿಂದ ಹೇಳಿಸುತ್ತಿದ್ದೆ. ಅದೇ ಪಾಠವನ್ನು ಮರೆತು ನಾನು ಮಾಡಿದ ತಪ್ಪೊಂದನ್ನು ಇಂದು ನಿಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮಗನ ಮನೆಯಲ್ಲಿ 300 ಲೀಟರ್ ನೀರಿನ ಒಂದು ಗಾಜಿನ ತೊಟ್ಟಿಯಿದೆ. ಅದರಲ್ಲಿ ಮೀನುಗಳಿಗಿಂತ ಹವಳಗಳೇ ಪ್ರಧಾನ. ಹವಳವೆಂದರೆ ಉಂಗುರದ ಕೆಂಪು ಕಲ್ಲು ಮಾತ್ರವಲ್ಲ. ನಾವು ತರಗತಿಯಲ್ಲಿ ಓದಿದ ಹೈಡ್ರಾದ ಬಂಧುವಾದ ಜೀವಂತ ಪ್ರಾಣಿ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಹೀರಿ ತನ್ನ ಗಟ್ಟಿ ಗೂಡನ್ನು ಕಟ್ಟಿಕೊಳ್ಳುತ್ತದೆ. ಮೈಯೊಳಗೆ ಆಶ್ರಯ ಪಡೆದ ಸೂಕ್ಷ್ಮ ಪಾಚಿಗಳು ಬೆಳಕಿನಿಂದ ಆಹಾರ ತಯಾರಿಸಿ ಅದಕ್ಕೂ ಪಾಲು ಕೊಡುತ್ತವೆ.

ಮಗನು ಕೆಲಸದ ನಿಮಿತ್ತ ಕೆಲವು ದಿನ ಊರು ಬಿಡಬೇಕಾಗಿ ಬಂದಾಗ ತೊಟ್ಟಿಯ ಹೊಣೆ ನನ್ನ ಪಾಲಿಗೆ ಬಂದಿತು. ತೊಟ್ಟಿಯ ಪಕ್ಕದಲ್ಲಿ ಎರಡು ಡ್ರಮ್ಮುಗಳಿದ್ದವು. ಒಂದರಲ್ಲಿ ಶುದ್ಧೀಕರಿಸಿದ ಸಿಹಿನೀರು; ಇನ್ನೊಂದರಲ್ಲಿ ವಾರಕ್ಕೊಮ್ಮೆ ನೀರು ಬದಲಿಸಲೆಂದು ಕಲಸಿಟ್ಟ ಉಪ್ಪುನೀರು. "ಅಪ್ಪ, ದಿನವೂ ಎಷ್ಟು ನೀರು ಇಳಿಯುತ್ತದೋ ಅಷ್ಟನ್ನು ಎಡಗಡೆಯ ಡ್ರಮ್ಮಿನಿಂದ ಹಾಕಿ. ಸಂಜೆ ಉಪ್ಪಿನಂಶ ಅಳೆದು ಪುಸ್ತಕದಲ್ಲಿ ಬರೆಯಿರಿ" ಎಂದು ಹೇಳಿ ಹೋದನು.

ಎಡಗಡೆಯದು ಸಿಹಿನೀರೆಂದು ತಿಳಿದಾಗ, ಮಗನು ಎಡಬಲ ತಪ್ಪಿ ಹೇಳಿದನೆಂದೇ ಭಾವಿಸಿದೆ. ಕಡಲಿನ ಜೀವಿಗಳಿಗೆ ಸಿಹಿನೀರೇ? ಬಲಗಡೆಯದನ್ನೇ ಸುರಿಯತೊಡಗಿದೆ. ಆರನೆಯ ತರಗತಿಯಲ್ಲಿ ಓದುವ ಮೊಮ್ಮಗಳು, "ಅಜ್ಜ, ಪಪ್ಪ ಇದನ್ನು ಹಾಕೋದಲ್ಲ" ಎಂದಳು. "ಅಜ್ಜನಿಗೆ ವಿಜ್ಞಾನ ಹೇಳಿಕೊಡಬೇಡ ಪುಟ್ಟಿ" ಎಂದು ನಕ್ಕು ಅವಳ ಬಾಯಿ ಮುಚ್ಚಿಸಿದೆ. ಅಳೆಯುವ ಗೋಜಿಗೂ ಹೋಗಲಿಲ್ಲ.

ದಿನಕ್ಕೆ 4 ಲೀಟರಿನಂತೆ 9 ದಿನ. ಲೀಟರಿಗೆ 35 ಗ್ರಾಂ ಉಪ್ಪೆಂದರೆ ಒಟ್ಟು 1260 ಗ್ರಾಂ. ಆವಿಯಾದದ್ದು ನೀರು ಮಾತ್ರ. ನಾನು ಸುರಿದ ಉಪ್ಪೆಲ್ಲ ಒಳಗೇ ಉಳಿಯಿತು. ಲೀಟರಿಗೆ 35 ಗ್ರಾಂ ಇದ್ದದ್ದು 39 ದಾಟಿತು. ಎಂಟನೆಯ ದಿನ ಮೊಮ್ಮಗಳ ಮೆಚ್ಚಿನ ಸಿಗಡಿ ಸತ್ತಿತ್ತು. ಹವಳಗಳು ಮುದುಡಿಕೊಂಡಿದ್ದವು.

ಮರಳಿ ಬಂದ ಮಗನು ಗದರಲಿಲ್ಲ. ನಾನು ಆತುರದಿಂದ, ಈಗಲೇ ಬಕೆಟ್ಟುಗಟ್ಟಲೆ ಸಿಹಿನೀರು ಹಾಕಿ ಸರಿಪಡಿಸೋಣವೆಂದೆ. "ಬೇಡ ಅಪ್ಪ, ಒಮ್ಮೆಲೇ ಇಳಿಸಿದರೆ ಅದು ಎರಡನೆಯ ಪೆಟ್ಟು" ಎಂದು, ದಿನಕ್ಕೆ ಸ್ವಲ್ಪದಂತೆ ಉಪ್ಪುನೀರು ತೆಗೆದು ಸಿಹಿನೀರು ತುಂಬಿ, ವಾರ ಕಳೆದು ಮೊದಲಿನ ಮಟ್ಟಕ್ಕೆ ತಂದನು. ಆದರೂ ಒಂದು ಹವಳದ ಅರ್ಧಭಾಗ ಬರಿಯ ಬಿಳಿಯ ಸುಣ್ಣವಾಗಿ ಉಳಿಯಿತು.

ಇಂಥ ತೊಟ್ಟಿ ಇಡಬೇಕೆಂಬ ಆಸೆಯುಳ್ಳವರಿಗೆ ನನ್ನ ಅಭಿಪ್ರಾಯ ಇಷ್ಟೆ: ಹವಳ ಸಾಕುವುದೆಂದರೆ ಮೊದಲು ನೀರನ್ನು ಸಾಕುವುದು. ಜೀವಿಗಳ ಮಲದಿಂದ, ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾ ವಿಷ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸಬೇಕು. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ ತಿಂಗಳು, ಒಂದೂವರೆ ತಿಂಗಳು ಹಿಡಿಯುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಲ್ಲೇ ನಿಂತಿವೆಯೆಂದು ನಿಮ್ಮ ಪುಸ್ತಕ ಹೇಳುವವರೆಗೆ ಒಂದು ಮೀನನ್ನೂ ತರಬೇಡಿ. ಉಪ್ಪು, ಉಷ್ಣತೆ, ಕ್ಯಾಲ್ಸಿಯಂ ಯಾವುದನ್ನು ತಿದ್ದುವುದಿದ್ದರೂ ಮೊದಲು ಅಳೆಯಿರಿ. ಬಳಿಕ ನಿಧಾನವಾಗಿ ತಿದ್ದಿರಿ. ನೀರನ್ನು ತಾನೇ ತುಂಬುವ ಯಂತ್ರಗಳಿವೆಯಲ್ಲ ಎನ್ನುವಿರಿ. ನಿಜ, ಆದರೆ ಆ ಯಂತ್ರದ ಕೊಳವೆಯನ್ನು ಯಾವ ಡ್ರಮ್ಮಿಗೆ ಇಳಿಸಬೇಕೆಂಬುದನ್ನು ಮನುಷ್ಯನೇ ನಿರ್ಧರಿಸಬೇಕಷ್ಟೆ.

ನಮ್ಮ ದೇಶದಲ್ಲಿರುವವರಿಗೆ ಇನ್ನೊಂದು ಮಾತು. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ನಮ್ಮ ನೇತ್ರಾಣಿ ದ್ವೀಪದ ಸುತ್ತಲಿನ ಹವಳಗಳು ಅಲ್ಲಿಯೇ ಇರಲಿ.

ಈಗ ಆ ಪುಸ್ತಕದ ಹೊಣೆ ಮೊಮ್ಮಗಳದು. ಪ್ರತಿ ಭಾನುವಾರ ಫೋನಿನಲ್ಲಿ ಅಂಕಿಗಳನ್ನು ಓದಿ ಹೇಳುತ್ತಾಳೆ. ನಾನು ಕುಮಟೆಯಲ್ಲಿ ಕುಳಿತು ಕೇಳುತ್ತೇನೆ. ನನಗೆ ಅಳೆಯಲು ಬರುತ್ತಿರಲಿಲ್ಲವೆಂದಲ್ಲ. ಗೊತ್ತಿದೆಯೆಂಬ ಹಮ್ಮಿನಲ್ಲಿ ಅಳೆಯಲಿಲ್ಲ. ಅವಳನ್ನು ಸುಮ್ಮನಾಗಿಸಿದಂತೆ, 34 ವರ್ಷಗಳ ನನ್ನ ತರಗತಿಗಳಲ್ಲಿ ಸರಿಯಾದ ಮಾತು ಹೇಳಿದ ಎಷ್ಟು ಮಕ್ಕಳನ್ನು ಕುಳ್ಳಿರಿಸಿದ್ದೆನೋ! ಅಂಥವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಮೇಷ್ಟರನ್ನು ಕ್ಷಮಿಸಿಬಿಡಿ.